ತಬಸುಮಳ ಮನೆಯ ಇನ್ನೂರಾ ಹದಿನಾಲ್ಕು ಮಂದಿ

ಬಾಗಲಕೋಟೆಯ ನವನಗರದಲ್ಲಿ ದವಾಖಾನೆಗಳೇ ಸಾಲುಗಟ್ಟಿ ನಿಂತ ರಸ್ತೆಯೊಂದಿದೆ. ಆ ರಸ್ತೆಯಲ್ಲಿ, ಸಪ್ತಧಾತು ಲ್ಯಾಬಿನ ಎದುರಿಗೆ, ‘ಬಾನುಬಿ ಝೆರಾಕ್ಸ್’ ಎಂಬ ಎಂಟಡಿ ಅಗಲದ ಅಂಗಡಿ. ಬಾನುಬಿ ಆ ಅಂಗಡಿಯಲ್ಲಿ ಒಂದು ದಿನವೂ ಕೂತವಳಲ್ಲ. ಆಕೆ ತಬಸುಮಳ ತಾಯಿ. ಮಗಳು ಕಂಪ್ಯೂಟರ್ ಕೊಳ್ಳುವಾಗ ಕೈಯ ಬಳೆ ಬಿಚ್ಚಿ ಕೊಟ್ಟದ್ದಕ್ಕೆ ಬೋರ್ಡಿನ ಮೇಲೆ ಹೆಸರು ಬಂತು, ಅಷ್ಟೆ. ಅಲ್ಲಿ ಕೂರುವವಳು, ಗಿರಾಕಿಗಳನ್ನು ಕೂಗುವವಳು, ಕಾಗದ ಸಿಕ್ಕಿಸಿಕೊಂಡ ಮಷಿನ್ನಿಗೆ ಬೈಯುವವಳು ಎಲ್ಲ ತಬಸುಮಳೇ. ವಯಸ್ಸು ನಲವತ್ತಮೂರು. ಸಿಟ್ಟು ಮೂಗಿನ ತುದಿಯಲ್ಲಿ, ಕನ್ನಡಕ ಅದಕ್ಕಿಂತ ತುಸು ಮೇಲೆ.

ಅವಳ ಅಪ್ಪ ಬಂದೇನವಾಜ ಹಳೇ ಊರಿನಲ್ಲಿ ಟೈಪಿಂಗ್ ಮಷಿನ್ ಇಟ್ಟುಕೊಂಡು ಮಂದಿಗೆ ಅರ್ಜಿ ಬರೆದು ಕೊಡುತ್ತಿದ್ದ. ಅಣೆಕಟ್ಟಿನ ಹಿನ್ನೀರು ಓಣಿಯ ಮೆಟ್ಟಿಲು ಮುಟ್ಟುವ ಮೊದಲು ಅರ್ಧ ಊರಿನ ಪರಿಹಾರದ ಅರ್ಜಿಗಳು ಅವನ ಬೆರಳಿನಿಂದಲೇ ಹೊರಟವು. ತನ್ನ ಮನೆಯದನ್ನು ಮಾತ್ರ ಕೊನೆಯ ದಿನ ನೆನಪಾಗಿ ಬರೆದನಂತೆ. ತಬಸುಮ ಹದಿನಾಲ್ಕನೇ ವಯಸ್ಸಿಗೆ ಅದೇ ಮಷಿನ್ನಿನ ಮೇಲೆ ಕೈ ಓಡಿಸಿದಳು. ಅಪ್ಪನಿಂದ ಅವಳಿಗೆ ಬಂದ ಆಸ್ತಿ ಎಂದರೆ ಎರಡೇ: ಟೈಪಿಂಗು, ಮತ್ತು ಸಾಹೇಬರ ಮುಂದೆ ದನಿ ತಗ್ಗಿಸದೆ ನಿಲ್ಲುವ ರೂಢಿ. ಎರಡನೆಯದರಿಂದ ಲಾಭಕ್ಕಿಂತ ಜಗಳವೇ ಹೆಚ್ಚು ಎಂದು ಅವಳ ಗಂಡ ಯುನೂಸ ಹೇಳುತ್ತಾನೆ. ಅವನು ಬೋರ್‌ವೆಲ್ಲಿನ ಮೋಟಾರು ರಿಪೇರಿ ಮಾಡುವವನು, ಸುಟ್ಟದ್ದನ್ನೆಲ್ಲ ಮತ್ತೆ ಸುತ್ತಿ ಕೊಡುವ ತಾಳ್ಮೆಯ ಮನುಷ್ಯ.

ಅಂಗಡಿಗೆ ಅನ್ನ ಹಾಕುತ್ತಿದ್ದದ್ದು ಎದುರಿನ ಲ್ಯಾಬು. ಹುನಗುಂದ, ಬಾದಾಮಿ, ಕಲಾದಗಿ, ಇಳಕಲ್ಲಿನ ಕಡೆಯಿಂದ ಬಂದವರು ಅಲ್ಲಿ ರಕ್ತ ಕೊಟ್ಟು, ಒಂದು ಚೀಟಿ ಹಿಡಿದು ಹೊರಗೆ ಬರುವರು. ರಿಪೋರ್ಟನ್ನು ಕಾಗದದ ಮೇಲೆ ಕೊಡುವುದನ್ನು ಲ್ಯಾಬಿನವರು ಕೊರೊನಾ ವರ್ಷದಲ್ಲಿ ನಿಲ್ಲಿಸಿದ್ದರು. ಕೊರೊನಾ ಹೋಯಿತು, ಕಾಗದ ಮಾತ್ರ ಮರಳಿ ಬರಲಿಲ್ಲ. ಆದರೂ ಒಂದು ವೆಬ್‌ಸೈಟ್ ಇತ್ತಲ್ಲ. ಚೀಟಿಯ ನಂಬರು, ಹುಟ್ಟಿದ ವರ್ಷ, ಇಷ್ಟು ಹೊಡೆದರೆ ಯಾವ ಕಂಪ್ಯೂಟರಿನಲ್ಲಾದರೂ ರಿಪೋರ್ಟು ತೆರೆಯುತ್ತಿತ್ತು. ತಬಸುಮ ಪ್ರಿಂಟ್ ತೆಗೆದು, ಮಡಿಸಿ, “ಡಾಕ್ಟರಿಗೆ ತೋರ್ಸ್ರಿ, ನನಗ ಏನೂ ಕೇಳಬ್ಯಾಡ್ರಿ” ಎಂದು ಕೈಗೆ ಕೊಡುವಳು. ಅದು ಅವಳ ನೇಮ. ಚೀಟಿ ತಂದವರ ಕಾಗದವನ್ನಷ್ಟೇ ತೆಗೆಯುವುದು, ತೆಗೆದದ್ದನ್ನು ಓದದಿರುವುದು.

ಇನ್ನು ನಂಬರಿನ ವಿಷಯ. ಲ್ಯಾಬಿನ ಫಾರಮ್ಮಿನಲ್ಲಿ ಮೊಬೈಲ್ ನಂಬರಿಗೊಂದು ಖಾನೆ. ಹಳ್ಳಿಯ ಹೆಂಗಸರಿಗೆ ನಂಬರು ಎಲ್ಲಿಂದ ಬರಬೇಕು? ಫೋನು ಮಗನ ಕಿಸೆಯಲ್ಲಿ, ಮಗ ಗೋವಾದಲ್ಲಿ. ಗಂಡಸರದು ಇನ್ನೊಂದು ತರಹ. ಹೊಸ ಸಿಮ್ಮಿನ ಜೊತೆ ಏನಾದರೂ ಪುಕ್ಕಟೆ ಸಿಕ್ಕರೆ ಹಳೆಯದನ್ನು ಎಸೆದುಬಿಡುವರು. “ಎದುರಿನ ಝೆರಾಕ್ಸ್ ಅಕ್ಕಾರದು ಹಾಕ್ಕೊರಿ” ಎಂದು ಮೊದಲ ಸಲ ಯಾರು ಅಂದರೋ ಯಾರಿಗೂ ನೆನಪಿಲ್ಲ. ಆಮೇಲೆ ಅದೇ ಪದ್ಧತಿಯಾಯಿತು. ಕೌಂಟರಿನಲ್ಲಿ ಕೂರುವ ನರ್ಗೀಸಳಿಗೆ ತಬಸುಮಳ ನಂಬರು ಬಾಯಿಪಾಠ. ಕೇಳುವ ಮೊದಲೇ ಬೆರಳು ಹೊಡೆದು ಮುಗಿಸುತ್ತಿತ್ತು. ಇದರಲ್ಲಿ ತಪ್ಪೇನಿದೆ ಎಂದು ತಬಸುಮಳಿಗೂ ಅನಿಸಲಿಲ್ಲ. ಓಣಿಗೊಂದು ಬಾವಿ ಇದ್ದ ಹಾಗೆ ಅಷ್ಟು ಮಂದಿಗೆ ಒಂದು ನಂಬರು. ವೆಬ್‌ಸೈಟಿಗೆ ಬೇಕಿದ್ದದ್ದು ಚೀಟಿ. ನಂಬರು ಯಾರದು ಎಂದು ಅದು ಒಮ್ಮೆಯೂ ಕೇಳಲಿಲ್ಲ.

ಆದರೆ ಆ ವೆಬ್‌ಸೈಟಿಗೆ ಎರಡು ವರ್ಷದಿಂದ ಒಂದು ರೋಗ ಹತ್ತಿತ್ತು. ಮೊದಲು ಮೇಲೆ ಒಂದು ಸಣ್ಣ ಪಟ್ಟಿ ಬಂತು: ‘ಇನ್ನೂ ಉತ್ತಮ ಅನುಭವಕ್ಕಾಗಿ ನಮ್ಮ ಆ್ಯಪ್ ಬಳಸಿ.’ ತಬಸುಮ ಅದನ್ನು ಒರೆಸಿ ಹಾಕಿ ಮುಂದೆ ಹೋಗುತ್ತಿದ್ದಳು. ಪಟ್ಟಿ ಬೆಳೆದು ಅರ್ಧ ಪರದೆಯಾಯಿತು. ಹಲ್ಲು ಕಿರಿಯುವ ಹುಡುಗಿಯ ಚಿತ್ರ ಬಂತು. ಮುಚ್ಚುವ ಗುರುತು ದಿನದಿನಕ್ಕೆ ಸಣ್ಣದಾಗಿ ಸಾಸಿವೆ ಕಾಳಿನಷ್ಟಾಯಿತು. ಒತ್ತಲು ಹೋದರೆ ಬೆರಳು ಹುಡುಗಿಯ ಹಲ್ಲಿನ ಮೇಲೆಯೇ ಬೀಳಬೇಕು. ಉತ್ತಮ ಅನುಭವವಂತೆ! ಶುಗರ್ ಎಷ್ಟಿದೆ ಎಂದು ನೋಡಲು ಬಂದವನಿಗೆ ಎಂಥ ಅನುಭವ ಬೇಕು? ಒಂದು ಅಂಕಿ ಬೇಕು. ಅಂಕಿ ಕೊಡಿ ಎಂದರೆ ಇವರು ಆರತಿ ಎತ್ತಲು ನಿಂತಿದ್ದರು.

ಒಂದು ಸೋಮವಾರ ಬೆಳಿಗ್ಗೆ ವೆಬ್‌ಸೈಟ್ ತೆರೆದರೆ ಹುಡುಗಿ ಪರದೆಯ ತುಂಬ ನಿಂತಿದ್ದಳು. ಮುಚ್ಚುವ ಗುರುತೇ ಇಲ್ಲ. ರಿಪೋರ್ಟು ಇನ್ನು ಮುಂದೆ ಆ್ಯಪಿನಲ್ಲಿ ಮಾತ್ರ.

ಅಂಗಡಿಯ ಮುಂದೆ ಹನ್ನೊಂದು ಮಂದಿ ಚೀಟಿ ಹಿಡಿದು ನಿಂತಿದ್ದರು. ತಬಸುಮ ಬೈಯುತ್ತಲೇ ತನ್ನ ಫೋನಿಗೆ ಆ್ಯಪ್ ಇಳಿಸಿಕೊಂಡಳು. ಜಾಗ ಸಾಲದು ಎಂದಿತು. ಅಕ್ಕನ ಮಗಳ ನಿಕಾಹದ ಫೋಟೊಗಳು ಹೋದವು. ತಬಸುಮ ಎಲ್ಲಿದ್ದಾಳೆ ಎಂದು ನೋಡಲು ಅಪ್ಪಣೆ ಕೇಳಿತು. ಫೋನಿನಲ್ಲಿರುವ ಹೆಸರುಗಳನ್ನೆಲ್ಲ ಓದಲು ಅಪ್ಪಣೆ ಕೇಳಿತು. ಕ್ಯಾಮೆರಾ ಕೇಳಿತು. “ಹುನಗುಂದದ ಮುದುಕನ ಮೂತ್ರದ ರಿಪೋರ್ಟಿಗೆ ನನ್ನ ಮಾರಿ ಯಾಕ ಬೇಕೋ ನಿನಗ?” ಎಂದು ಅವಳು ಫೋನಿಗೇ ಕೇಳಿದಳು. ಎಲ್ಲಕ್ಕೂ ಹೂಂ ಅಂದ ಮೇಲೆ ಆ್ಯಪ್ ಬಾಗಿಲು ತೆರೆಯಿತು.

‘ಸ್ವಾಗತ ತಬಸುಮ. ನಿಮ್ಮ ಕುಟುಂಬ: 214 ಸದಸ್ಯರು.’

ಸಂಜೆ ಯುನೂಸ ಇದನ್ನು ಕೇಳಿ ಚಹಾ ನೆತ್ತಿಗೇರುವಷ್ಟು ನಕ್ಕ. ಆ್ಯಪು ನಂಬರು ನೋಡಿ ಮನೆ ಎಣಿಸುವಂಥದ್ದು. ಅವಳ ನಂಬರಿನಲ್ಲಿ ಚೀಟಿ ಮಾಡಿಸಿದವರೆಲ್ಲ ಅದರ ಲೆಕ್ಕದಲ್ಲಿ ಒಂದೇ ಮನೆಯವರು. ಕಲಾದಗಿಯ ಗೌಡರು, ಬಾದಾಮಿಯ ಪೂಜಾರಿ, ಅಮೀನಗಡದ ಕರದಂಟಿನ ಅಂಗಡಿಯವನ ಹೆಂಡತಿ, ಎಲ್ಲ ತಬಸುಮಳ ಒಲೆಯ ಸುತ್ತ ಕೂತಿದ್ದರು. ಎರಡು ದಿನ ಫೋನು ಬಡಿದುಕೊಂಡದ್ದೇ ಬಡಿದುಕೊಂಡದ್ದು. ‘ಶುಭಾಶಯ, ನಿಮ್ಮ ಗರ್ಭಕ್ಕೆ ಇಂದು ಹದಿನೆಂಟನೇ ವಾರ.’ ‘ತಬಸುಮ, ಅರವತ್ತು ದಾಟಿದ ಪುರುಷರು ಈ ಪರೀಕ್ಷೆಯನ್ನು ತಪ್ಪಿಸಬಾರದು.’

ನಗು ಬಹಳ ಹೊತ್ತು ಉಳಿಯಲಿಲ್ಲ. ಮಂಗಳವಾರ ಒಂದು ರಿಪೋರ್ಟು ಹುಡುಕುವಾಗ ಬೆರಳು ಜಾರಿ ಇನ್ನೊಂದು ತೆರೆಯಿತು. ಅದು ಅವಳಿಗೆ ಗುರುತಿದ್ದ ಒಬ್ಬ ಹುಡುಗಿಯದು, ಇನ್ನೂ ಮದುವೆಯಾಗದವಳದು. ತಬಸುಮ ನೋಡಬಾರದ್ದನ್ನು ನೋಡಿದ್ದಳು. ಫೋನನ್ನು ಬೋರಲು ಹಾಕಿದಳು. ಚೀಟಿ ತಾರದವರ ಕಾಗದ ತೆಗೆಯುವುದಿಲ್ಲ ಎಂಬ ಇಷ್ಟು ವರ್ಷದ ನೇಮ ಒಂದು ಬೆರಳಿಗೆ ಮುರಿದಿತ್ತು. ಇನ್ನೂರಾ ಹದಿನಾಲ್ಕು ಮಂದಿಯ ಗುಟ್ಟು ಕೇಳದೆಯೇ ಅವಳ ಕೈಗೆ ಬಂದು ಬಿದ್ದಿತ್ತು. ಅವಳಿಗೆ ಭಯವಾಯಿತು. ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು, ತಾನೇ ಯಾರದೋ ಮನೆಯ ಕಿಟಕಿಯಲ್ಲಿ ಇಣುಕಿದ ಹಾಗೆ.

ಬುಧವಾರ ಆ್ಯಪಿಗೂ ಬುದ್ಧಿ ಬಂತು. ಒಂದು ಕುಟುಂಬದಲ್ಲಿ ಆರು ಮಂದಿಗಿಂತ ಹೆಚ್ಚು ಇರಕೂಡದು, ನಿಮ್ಮ ಖಾತೆಯ ಬಗ್ಗೆ ಅನುಮಾನವಿದೆ ಎಂದು ಹೇಳಿ ಬಾಗಿಲು ಹಾಕಿಕೊಂಡಿತು. ಸಹಾಯಕ್ಕೆ ಬರೆದರೆ ಯಂತ್ರವೊಂದು ‘ನಾನು ಮಿತ್ರಾ, ನಿಮಗೆ ಹೇಗೆ ನೆರವಾಗಲಿ?’ ಎಂದು ಎಂಟು ಸಲ ಕೇಳಿ, ಎಪ್ಪತ್ತೆರಡು ತಾಸು ಕಾಯಿರಿ ಎಂದು ಮಾಯವಾಯಿತು.

ಗುರುವಾರ ಬೆಳಿಗ್ಗೆ ಹತ್ತೂವರೆಗೆ ಇಳಕಲ್ಲಿನ ಬನಶಂಕರೆವ್ವ ಅಂಗಡಿಯ ಮುಂದೆ ಬಂದು ನಿಂತಳು. ಆಕೆ ಸೀರೆಯ ಮೈಗೂ ಸೆರಗಿಗೂ ಒಂದೊಂದೇ ಎಳೆ ಹಿಡಿದು ಕೊಂಡಿ ಹಾಕುವವಳು. ಮೂವತ್ತು ವರ್ಷ ಅದೇ ಕೆಲಸ ಮಾಡಿ ಕಣ್ಣಿನ ಸುತ್ತ ನೆರಿಗೆ ಬಿದ್ದಿತ್ತು. ಎದೆಯಲ್ಲಿ ಗಂಟು. ಎಂಟು ದಿನದ ಹಿಂದೆ ಲ್ಯಾಬಿನವರು ಸೂಜಿ ಹಾಕಿ ತುಣುಕು ತೆಗೆದಿದ್ದರು. ಪಕ್ಕದ ದವಾಖಾನೆಗೆ ಹುಬ್ಬಳ್ಳಿಯ ಸರ್ಜನ್ ಹದಿನೈದು ದಿನಕ್ಕೊಮ್ಮೆ, ಗುರುವಾರ ಬರುತ್ತಾರೆ. ಇವತ್ತು ಬಂದಿದ್ದರು. ಆಪರೇಷನ್ನಿಗೆಂದು, ಬೆಳಗಿನಿಂದ ನೀರೂ ಕುಡಿಯಬಾರದೆಂದು ಬನಶಂಕರೆವ್ವನನ್ನು ಉಪವಾಸ ಇರಿಸಿದ್ದರು.

“ಮಧ್ಯಾಹ್ನ ಒಂದರೊಳಗ ರಿಪೋರ್ಟ್ ತರಬೇಕಂತ ತಂಗಿ. ಇಲ್ಲಾಂದ್ರ ನನ್ನ ಪಾಳಿ ಮುಂದಿನ ಸರ್ತಿಗೆ ಹಾಕ್ತಾರಂತ,” ಎಂದು ಚೀಟಿ ಚಾಚಿದಳು. ಚೀಟಿಯ ಮೇಲೆ ಇದ್ದದ್ದು ತಬಸುಮಳದೇ ನಂಬರು.

ತಬಸುಮಳ ಫೋನಿಗೆ ಒಂಬತ್ತು ಗಂಟೆಗೇ ಸಂದೇಶ ಬಂದಿತ್ತು: ನಿಮ್ಮ ರಿಪೋರ್ಟು ಸಿದ್ಧವಾಗಿದೆ, ಆ್ಯಪಿನಲ್ಲಿ ನೋಡಿ. ಆ್ಯಪು ಒತ್ತಿದರೆ, ಖಾತೆ ತಡೆಹಿಡಿಯಲಾಗಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ.

“ಯಕ್ಕಾ, ನಡಿ,” ಎಂದಳು ತಬಸುಮ. ಗಿರಾಕಿಗಳು ನಿಂತಿದ್ದ ಹಾಗೆಯೇ ಷಟರ್ ಅರ್ಧ ಎಳೆದು, ಬನಶಂಕರೆವ್ವನ ಕೈ ಹಿಡಿದು ರಸ್ತೆ ದಾಟಿದಳು.

ಕೌಂಟರಿನ ನರ್ಗೀಸ ತಲೆ ಎತ್ತಲಿಲ್ಲ. “ಅಕ್ಕಾ, ನನ್ನ ಕಂಪ್ಯೂಟರಿನಾಗಿಂದ ಪ್ರಿಂಟ್ ಬಟನ್ನಽ ತೆಗೆದಾರ. ಸರ್ ಒಳಗ ಅದಾರ, ಕೇಳ್ರಿ,” ಎಂದಳು ಸಣ್ಣ ದನಿಯಲ್ಲಿ. ಬನಶಂಕರೆವ್ವನನ್ನು ಕೌಂಟರಿನ ಎದುರಿನ ಕುರ್ಚಿಯೊಂದರ ಮೇಲೆ ಕೂರಿಸಿ ತಬಸುಮ ಗಾಜಿನ ಕೋಣೆಗೆ ಹೋದಳು.

ಒಳಗೆ ಕೂತಿದ್ದವನು ಶಿರೀಷ, ಲ್ಯಾಬಿನ ಇಲ್ಲಿಯ ಮ್ಯಾನೇಜರ್. ಒಳ್ಳೆಯ ಮನೆತನದ ಹುಡುಗ. ಅವನ ಅಪ್ಪ ಪಂಢರೀನಾಥ ಮಾಸ್ತರು ಹಳೇ ಊರಿನ ಸಾಲೆಯಲ್ಲಿ ತಬಸುಮಳಿಗೆ ಗಣಿತ ಕಲಿಸಿದವರು. ಆದರೆ ಪ್ರತಿ ತಿಂಗಳು ಎಷ್ಟು ಫೋನುಗಳಿಗೆ ಆ್ಯಪ್ ಇಳಿಯಿತು ಎಂದು ಮೇಲಿನವರಿಗೆ ಹೇಳಬೇಕಾದವನು ಅವನು. ಆ ಅಂಕಿಯೇ ಅವನಿಗೆ ದೇವರಾಗಿ ಕೂತಿತ್ತು.

“ಕೂಡ್ರಿ ತಬಸುಮ ಅವರ. ಇದು ನನ್ನ ಕೈಯಾಗ ಇಲ್ಲ ನೋಡ್ರಿ. ಕಾಗದ ಕೊಡಬ್ಯಾಡ್ರಿ ಅಂತ ಪುಣೆ ಹೆಡ್ಡಾಫೀಸಿಂದ ಆರ್ಡರ್ ಅದ.”

“ರಿಪೋರ್ಟ್ ಆಗೇತೋ ಇಲ್ಲೋ?”

“ಆಗೇದ.”

“ನಿಮಗ ಕಾಣಸ್ತೈತೋ ಇಲ್ಲೋ?”

“ಕಾಣಸ್ತದ.”

“ಪ್ರಿಂಟರ್ ಐತೋ ಇಲ್ಲೋ?”

ಶಿರೀಷ ತನ್ನ ಮಗ್ಗುಲಿಗಿದ್ದ ಪ್ರಿಂಟರಿನ ಕಡೆ ನೋಡದಿರಲು ಯತ್ನಿಸಿದ. “ಅದ.”

“ಮತ್ತೇನಿಲ್ಲ?”

“ಒಟಿಪಿ ಇಲ್ಲ,” ಎಂದ ಅವನು. “ರೋಗಿ ಫೋನಿಗೆ ಒಟಿಪಿ ಹೋಗಬೇಕು, ಆ ಫೋನಿನಾಗ ಆ್ಯಪ್ ನಡೀಬೇಕು. ನಿಮ್ಮ ಅಕೌಂಟ್ ಬಂದ್ ಆಗೇದ. ನಂಬರ್ ಬದಲಿ ಮಾಡೂದಾದ್ರ ಅದೂ ಆ್ಯಪಿನಾಗಽ ಮಾಡಬೇಕು.”

ಆಮೇಲೆ ಅವನ ಮುಖ ಸ್ವಲ್ಪ ಬೆಳಗಿತು. ಕುರ್ಚಿ ಮುಂದೆಳೆದುಕೊಂಡ. “ಒಂದು ದಾರಿ ಅದ. ನಿಮ್ಮ ಅಂಗಡಿನ ನಮ್ಮ ಅಧಿಕೃತ ಕೇಂದ್ರ ಮಾಡ್ತೇವಿ. ಈಗಿಂದೀಗ ನಿಮ್ಮ ಅಕೌಂಟ್ ಬಿಚ್ಚತದ, ಎಷ್ಟು ಮಂದಿ ಇದ್ದರೂ ನಡೀತದ. ಈ ರಸ್ತೆದಾಗ ಯಾರಿಗೆ ರಿಪೋರ್ಟ್ ಬೇಕಂದ್ರೂ ನಿಮ್ಮ ಕಡೆನ ಬರಬೇಕು. ಬಂದವರ ಮನ್ಯಾಗ ಯಾರದರ ಫೋನಿದ್ರ ಅದರಾಗ ಆ್ಯಪ್ ಹಾಕಿ ಕೊಡಬೇಕು, ಅಷ್ಟಽ. ಹೂಂ ಅನ್ರಿ, ಆ ಬಾಯಾರ ರಿಪೋರ್ಟ್ ಐದು ಮಿನಿಟಿನಾಗ ನಿಮ್ಮ ಕೈಯಾಗ ಇರ್ತದ.”

ತಬಸುಮ ಗಾಜಿನಾಚೆ ನೋಡಿದಳು. ಬನಶಂಕರೆವ್ವ ಒಣಗಿದ ತುಟಿಯನ್ನು ನಾಲಿಗೆಯಿಂದ ಸವರಿಕೊಳ್ಳುತ್ತಿದ್ದಳು. ಗಡಿಯಾರದಲ್ಲಿ ಹನ್ನೊಂದು. ತಬಸುಮಳಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಇಡೀ ರಸ್ತೆಯ ಮಂದಿ ತನ್ನ ಎಂಟಡಿಯ ಅಂಗಡಿಗೇ ಬರಬೇಕು, ಬೇರೆ ಗತಿಯಿಲ್ಲ. ವ್ಯಾಪಾರದವರಿಗೆ ಇದಕ್ಕಿಂತ ದೊಡ್ಡ ವರ ಯಾವುದಿದೆ? ನಾಲಿಗೆಯ ತುದಿಯವರೆಗೆ ಹೂಂ ಬಂದಿತ್ತು. ಆಗ ಮಂಗಳವಾರ ಕಂಡ ಆ ಹುಡುಗಿಯ ಹೆಸರು ನೆನಪಾಯಿತು.

“ನನಗ ನಾಳಿಗೆ ಜ್ವರ ಬಂತು ಅಂತ ತಿಳ್ಕೊರಿ,” ಎಂದಳು. “ಅಂಗಡಿ ಮುಚ್ಚತು. ಊರ ಮಂದಿ ರಿಪೋರ್ಟೂ ನನ್ನ ಕೂಡ ಹೊಚ್ಚಿಕೊಂಡು ಮಲಗಬೇಕೇನ್ರಿ? ಮತ್ತ ಅವರ ರಕ್ತದಾಗ ಏನೈತಿ ಅನ್ನೂದು ನನ್ನ ಫೋನಿನಾಗ ಯಾಕ ಇರಬೇಕು? ನಾ ಏನು ಡಾಕ್ಟರೋ, ಅವರ ಹಡೆದವ್ವನೋ? ಆಕಿ ದೇಹ, ಆಕಿ ರೊಕ್ಕ, ಆಕಿ ಚೀಟಿ. ಆಕಿ ಕೈಯಾಗ ಒಂದು ಕಾಗದ ಕೊಡ್ರಿ ಅಂತೇನಿ. ಅಷ್ಟಕ್ಕ ನಡುವ ನಾ ಯಾಕ, ಫೋನ್ ಯಾಕ?”

ಶಿರೀಷನಿಗೆ ಇಂಥ ಉತ್ತರ ಬರುತ್ತದೆಂದು ಅನಿಸಿರಲಿಲ್ಲ. ಅವನ ದನಿ ಬಿಗಿಯಾಯಿತು. “ಒಂದು ನಂಬರಿನ ಮ್ಯಾಲೆ ಇನ್ನೂರಾ ಹದಿನಾಲ್ಕು ಮಂದಿನ್ನ ಹಾಕೀರಿ. ಇದು ಫ್ರಾಡ್ ಆಗ್ತದ, ಗೊತ್ತೇನು? ಕಂಪನಿಯವರು ಕಂಪ್ಲೇಂಟ್ ಕೊಟ್ಟರ ನಾ ಏನೂ ಮಾಡಲಿಕ್ಕೆ ಬರೂದಿಲ್ಲ.”

“ಕೊಡ್ಲಿ. ಆ ನಂಬರ್ ಬರಕೊಂಡವರು ಯಾರು? ನಿಮ್ಮ ಕೌಂಟರು. ನಿಮ್ಮ ಆ್ಯಪು ಕಲಾದಗಿ ಗೌಡ್ರನ್ನ ನನ್ನ ಮನಿಯವರು ಅಂತೈತಿ, ಅದಕ್ಕ ನಾ ಎಲ್ಲೆ ಕಂಪ್ಲೇಂಟ್ ಕೊಡ್ಲಿ?” ತಬಸುಮ ಎದ್ದು ನಿಂತಳು. “ಇರ್ಲಿ. ನೀವು ಕೊಡಂಗಿಲ್ಲ ಅಂದ್ರಿ, ನಾ ಕೇಳಿಸ್ಕೊಂಡೆ. ಈಗ ಅದನ್ನ ಕಾಗದದ ಮ್ಯಾಲ ಬರ್ದು ಕೊಡ್ರಿ.”

“ಏನಂತ?”

“ಇಲ್ಲ ಅಂತ.”

ಇದು ಬಂದೇನವಾಜನ ವಿದ್ಯೆ. ಹಳೇ ಊರು ಮುಳುಗುವ ಕಾಲಕ್ಕೆ ಕಚೇರಿಯ ಗುಮಾಸ್ತರು ಇಲ್ಲ ಎನ್ನುವುದನ್ನು ಬಾಯಲ್ಲೇ ಹೇಳಿ ಕಳಿಸುತ್ತಿದ್ದರು. ಬಂದೇನವಾಜ ಮಂದಿಗೆ ಹೇಳಿಕೊಡುತ್ತಿದ್ದ: ಹೌದು ಅನ್ನುವುದನ್ನು ಬೇಡಬೇಡಿ, ಇಲ್ಲ ಅನ್ನುವುದನ್ನು ಬರೆಸಿಕೊಳ್ಳಿ. ಬಾಯಲ್ಲಿ ಇಲ್ಲ ಎನ್ನುವುದು ಸಸಾರ. ಅದರ ಕೆಳಗೆ ಹೆಸರು ಬರೆದು ಸಹಿ ಹಾಕುವಾಗ ಎಂಥವನೂ ಒಮ್ಮೆ ಪೆನ್ನು ಕೆಳಗಿಡುತ್ತಾನೆ.

ಶಿರೀಷ ನಕ್ಕ. ಅಂಥದ್ದೆಲ್ಲ ತಾನು ಬರೆಯುವುದಿಲ್ಲ ಎಂದ. “ನೀವು ಬರೀಬ್ಯಾಡ್ರಿ, ನಾ ಬರ್ದು ತರ್ತೇನಿ,” ಎಂದು ತಬಸುಮ ಹೊರಟಳು.

ಅಂಗಡಿಗೆ ಹೋಗಿ ಕೂತು ಅವಳು ಟೈಪ್ ಮಾಡಿದ್ದು ಮೂರೇ ನಿಮಿಷ. ಅರ್ಜಿಯ ಭಾಷೆ ಅವಳಿಗೆ ಉಸಿರಾಟದಷ್ಟು ರೂಢಿ. ‘ಈ ಮೂಲಕ ತಿಳಿಯಪಡಿಸುವುದೇನೆಂದರೆ, ಕೆಳಗೆ ಹೆಸರಿಸಿದ ರೋಗಿಯ ಪರೀಕ್ಷೆಯ ವರದಿ ಸಿದ್ಧವಿದ್ದು, ಹಣವನ್ನೂ ಪಡೆದಿದ್ದು, ವೈದ್ಯರಿಗೆ ಅದು ಇಂದೇ ಬೇಕಾಗಿದೆ ಎಂಬುದು ಗೊತ್ತಿದ್ದೂ, ರೋಗಿಯ ಬಳಿ ನಮ್ಮ ಆ್ಯಪ್ ಇಲ್ಲ ಎಂಬ ಒಂದೇ ಕಾರಣಕ್ಕೆ ವರದಿಯನ್ನು ಕೊಡಲು ನಿರಾಕರಿಸುತ್ತಿದ್ದೇವೆ. ಇದರಿಂದ ರೋಗಿಗೆ ಆಗುವ ತೊಂದರೆಗೆ ನಾವೇ ಹೊಣೆ.’ ಕೆಳಗೆ ಹೆಸರು, ಹುದ್ದೆ, ಸಹಿ, ಸೀಲು. ರೋಗಿಯ ಹೆಸರಿಗೆ ಖಾಲಿ ಜಾಗ ಬಿಟ್ಟು ನಲವತ್ತು ಪ್ರತಿ ಹೊಡೆದಳು. ಒಂದಕ್ಕೂ ಮಷಿನ್ನು ಕಾಗದ ಸಿಕ್ಕಿಸಿಕೊಳ್ಳಲಿಲ್ಲ, ಇದೊಂದು ಪವಾಡ.

ಲ್ಯಾಬಿನ ಹಾಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಮಂದಿ ಕೂತಿದ್ದರು. ತಬಸುಮ ಅವರ ನಡುವೆ ನಿಂತು ಆ ಕಾಗದವನ್ನು ಮೇಲಿನಿಂದ ಕೆಳಗಿನವರೆಗೆ ದೊಡ್ಡ ದನಿಯಲ್ಲಿ ಓದಿದಳು. ಗಾಜಿನ ಕೋಣೆಯಿಂದ ಶಿರೀಷ ಹೊರಗೆ ಬರುವಷ್ಟರಲ್ಲಿ ಓದು ಮುಗಿದಿತ್ತು. ಬನಶಂಕರೆವ್ವನ ಹೆಸರು ತುಂಬಿ ಮೊದಲ ಪ್ರತಿಯನ್ನು ಕೌಂಟರಿನ ಮೇಲೆ ಅವನೆದುರು ಇಟ್ಟಳು.

“ಸಹಿ ಹಾಕ್ರಿ. ಇದನ್ನಽ ಒಯ್ದು ಸರ್ಜನ್ ಸಾಹೇಬರಿಗೆ ಕೊಡ್ತೇನಿ.”

“ನೀವು ಸುಮ್ಮನ ಗದ್ದಲ ಮಾಡಲಿಕ್ಕೆ ಹತ್ತೀರಿ,” ಎಂದ ಶಿರೀಷ.

“ಅಕ್ಕಾರ, ನನ್ನ ಹೆಸರ್ಲೇನೂ ಒಂದು ಬರೀರಿ,” ಎಂದ ಹುನಗುಂದದ ಒಬ್ಬ ಮುದುಕ ಎದ್ದು ನಿಂತು. ಅವನ ಹಿಂದೆ ಇನ್ನೊಬ್ಬಳು, “ನಂದು ಸೋಮಾರದಿಂದ ಇವರ ಕಡೇನ ಐತಿ, ನನಗೂ ಬರೀರಿ.” ಕಾಗದಗಳು ಕೈಯಿಂದ ಕೈಗೆ ಹೋದವು. ಫೋನಿದ್ದವರೂ ಎದ್ದು ಬಂದರು. ಆ್ಯಪು ಮೂರು ಸಲ ಒಟಿಪಿ ಕೇಳಿ ನಾಲ್ಕನೆಯ ಸಲ ತನ್ನನ್ನೇ ಮರೆಯಿತು ಎಂದು ಒಬ್ಬ ಬ್ಯಾಂಕಿನ ನೌಕರನೂ ಹೆಸರು ತುಂಬಿದ. ಕೌಂಟರಿನ ಮೇಲೆ ಕಾಗದದ ಕಟ್ಟು ಬೆಳೆಯಿತು.

ಮೂಲೆಯ ಕುರ್ಚಿಯಲ್ಲಿ, ಉಪವಾಸದ ರಕ್ತ ಕೊಟ್ಟು ಮೊಣಕೈಯಲ್ಲಿ ಹತ್ತಿ ಒತ್ತಿ ಹಿಡಿದುಕೊಂಡು ಒಬ್ಬ ಮುದುಕರು ಕೂತಿದ್ದರು. ಅವರು ಪಂಢರೀನಾಥ ಮಾಸ್ತರು. ಮಗನಿಗೆ ಗೊತ್ತಾದರೆ ಚಹಾದಲ್ಲಿನ ಸಕ್ಕರೆ ಬಂದ್ ಆಗುತ್ತದೆಂದು ಎರಡು ವರ್ಷದಿಂದ ಅವರೂ ತಮ್ಮ ಶುಗರಿನ ಚೀಟಿಯನ್ನು ತಬಸುಮಳ ನಂಬರಿನಲ್ಲೇ ಮಾಡಿಸುತ್ತಿದ್ದರು. ಆ ಇನ್ನೂರಾ ಹದಿನಾಲ್ಕರಲ್ಲಿ ಅವರೂ ಒಬ್ಬರು. ಅವರು ಎದ್ದು ಬಂದು ಒಂದು ಪ್ರತಿ ತೆಗೆದುಕೊಂಡರು, ಕಿಸೆಯ ಪೆನ್ನಿನಿಂದ ಹೆಸರು ಬರೆದರು, ಕಟ್ಟಿನ ಮೇಲೆ ಇಟ್ಟರು.

“ಅಪ್ಪಾ, ನೀ ಯಾಕ ಇದರಾಗ?” ಶಿರೀಷನ ಮುಖ ಕೆಂಪಾಯಿತು. “ನಿಂದು ನಾ ಸಂಜಿಗೆ ಮನಿಗೆ ತರ್ತೇನಿ.”

“ನಿನ್ನಂಥ ಮಗ ಎಲ್ಲಾರ ಮನ್ಯಾಗೂ ಇರ್ತಾನೇನು?” ಎಂದರು ಮಾಸ್ತರು. “ನಾ ಅಪ್ಪ ಅಂತ ಬಂದಿಲ್ಲ, ಪಾಳಿದಾಗ ಬಂದೀನಿ. ಸಹಿ ಹಾಕು.”

“ಇದಕ್ಕ ಹೆಂಗ ಸಹಿ ಹಾಕಲಿ? ಮಂದಿ ಏನಂದಾರು?”

“ಹಾಕಲಿಕ್ಕೆ ನಾಚಿಕಿ ಬರ್ತದ, ಹೌದಿಲ್ಲೋ? ಮತ್ತ ಮಾಡಲಿಕ್ಕೆ ನಾಚಿಕಿ ಬರಂಗಿಲ್ಲೇನಪಾ?”

ಶಿರೀಷ ಕಟ್ಟಿನ ಮೇಲಿನ ಅಪ್ಪನ ಅಕ್ಷರವನ್ನೇ ನೋಡುತ್ತ ನಿಂತ. ಆಮೇಲೆ ನರ್ಗೀಸಳ ಕಡೆ ತಿರುಗಿ, “ಆ ಬಾಯಾರ ಚೀಟಿ ನಂಬರ್ ಓದು,” ಎಂದು ಚೀಟಿಯತ್ತ ಕೈ ತೋರಿಸಿ ಒಳಗೆ ಹೋದ. ಅವಳು ಕೌಂಟರಿನಿಂದಲೇ ಕೂಗಿ ಓದಿದಳು. ಒಳಗಿನ ಪ್ರಿಂಟರು ಕೆಮ್ಮಿ, ಗುರುಗುಟ್ಟಿ, ಎರಡು ಹಾಳೆ ಹೊರಗೆ ಹಾಕಿತು. ಅಷ್ಟೇ ಕೆಲಸ. ಅರ್ಧ ನಿಮಿಷವೂ ಹಿಡಿಯಲಿಲ್ಲ.

ಬನಶಂಕರೆವ್ವ ಹಾಳೆಗಳನ್ನು ಎರಡೂ ಕೈಯಲ್ಲಿ ಹಿಡಿದು, “ಏನ್ ಬರ್ದಾರ ತಂಗಿ?” ಎಂದಳು. ತಬಸುಮಳ ಕಣ್ಣು ಹಾಳೆಯ ಮೇಲೆ ಹೋಗಿ ಅರ್ಧಕ್ಕೆ ನಿಂತಿತು. “ಡಾಕ್ಟರಿಗೆ ತೋರ್ಸೂಣು, ನನಗ ಕೇಳಬ್ಯಾಡ,” ಎಂದಳು, ಆದರೆ ಈ ಸಲ ದನಿ ಮೆತ್ತಗಿತ್ತು. ಇಬ್ಬರೂ ದವಾಖಾನೆಯ ಮೆಟ್ಟಿಲು ಹತ್ತಿದಾಗ ಹನ್ನೆರಡು ಇಪ್ಪತ್ತು. ಸರ್ಜನ್ ಎರಡು ಸಲ ಓದಿ, “ಛಲೋ ಆತು ಇವತ್ತ ತಂದ್ರಿ. ಹದಿನೈದು ದಿನ ಬಿಡೂವಂಥಾ ಗಂಟಲ್ಲ ಇದು,” ಎಂದರು. ಎರಡು ಗಂಟೆಗೆ ಬನಶಂಕರೆವ್ವನನ್ನು ಒಳಗೆ ಕರೆದುಕೊಂಡು ಹೋದರು. ಹೊರಗಿನ ಬೆಂಚಿನ ಮೇಲೆ ಕೂತ ಮೇಲೆಯೇ ತಬಸುಮಳಿಗೆ ಅಂಗಡಿಯ ಷಟರು ಅರ್ಧಕ್ಕೇ ಬಿಟ್ಟು ಬಂದದ್ದು ನೆನಪಾದದ್ದು.

ಅಂದು ಸಂಜೆಯವರೆಗೆ ಶಿರೀಷನ ಪ್ರಿಂಟರು ನಿಲ್ಲಲಿಲ್ಲ. ಆ ಕಟ್ಟನ್ನು ಅವನು ಪುಣೆಗೆ ಕಳಿಸಿದನೋ, ಅಷ್ಟೊಂದು ನಿರಾಕರಣೆಗೆ ಸಹಿ ಹಾಕುವುದಕ್ಕಿಂತ ಕಾಗದ ಕೊಡುವುದೇ ಹಗುರ ಎಂದು ತಾನೇ ನಿಶ್ಚಯಿಸಿದನೋ ಯಾರಿಗೂ ತಿಳಿಯದು. ಮುಂದಿನ ವಾರ ಕೌಂಟರಿನ ಪಕ್ಕ ಒಂದು ಟೇಬಲ್ಲು, ಅದರ ಮೇಲೆ ಪ್ರಿಂಟರು ಬಂದು ಕೂತವು. ಗೋಡೆಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿದರು: ಚೀಟಿ ತೋರಿಸಿದವರಿಗೆ ರಿಪೋರ್ಟನ್ನು ಇಲ್ಲಿಯೇ ಕೊಡಲಾಗುವುದು, ಶುಲ್ಕವಿಲ್ಲ. ಹಲ್ಲು ಕಿರಿಯುವ ಹುಡುಗಿ ಅದರ ಪಕ್ಕದಲ್ಲೇ ಇದ್ದಳು, ಇರಲಿ.

ಶುಲ್ಕವಿಲ್ಲ ಎಂದ ಮೇಲೆ ರಸ್ತೆ ದಾಟಿ ಬರುವವರಾರು? ಬಾನುಬಿ ಝೆರಾಕ್ಸಿನ ಮುಂದಿನ ಪಾಳಿ ಒಂದೇ ವಾರದಲ್ಲಿ ಕರಗಿತು. ಆಧಾರ್ ಕಾರ್ಡಿನ ನಕಲು, ಸಾಲೆಯ ಮಕ್ಕಳ ಚಿತ್ರ, ಒಂದೆರಡು ಅರ್ಜಿ, ಇಷ್ಟೇ ಉಳಿದವು.

“ನಿನ್ನ ಕಾಲ ಮ್ಯಾಲ ನೀನಽ ಕಲ್ಲು ಹಾಕ್ಕೊಂಡಿ,” ಎಂದ ಯುನೂಸ.

“ಹಾಕ್ಕೊಂಡೇನಿ. ನನ್ನ ಕಾಲು, ನನ್ನ ಕಲ್ಲು,” ಎಂದಳು ತಬಸುಮ.

ಹೇಳುವುದು ಹೇಳಿದಳು. ಮಧ್ಯಾಹ್ನ ಖಾಲಿ ಅಂಗಡಿಯಲ್ಲಿ ಕೂತು ಎದುರಿನ ಬಾಗಿಲಿನಿಂದ ಕಾಗದ ಹಿಡಿದು ಹೊರಬರುವವರನ್ನು ಎಣಿಸುವುದನ್ನು ಮಾತ್ರ ಬಿಡಲಾಗಲಿಲ್ಲ. ಗುರುತಿನವರು ದೂರದಿಂದಲೇ ಕೈ ಎತ್ತಿ ಹೋಗುತ್ತಿದ್ದರು. ಒಂದು ದಿನ ಆ ಆ್ಯಪನ್ನು ಫೋನಿನಿಂದ ಕಿತ್ತು ಹಾಕಿದಳು. ‘ತಬಸುಮ, ನಿಜವಾಗಿಯೂ ಹೋಗುತ್ತೀರಾ?’ ಎಂದು ಅದು ಕೇಳಿತು. ಅವಳು ಎರಡು ಸಲ ಹೌದು ಒತ್ತಿದಳು.

ಎರಡು ತಿಂಗಳ ಮೇಲೆ, ಬಿಸಿಲು ಏರಿದ ಹೊತ್ತಿನಲ್ಲಿ, ಲ್ಯಾಬಿನ ಮೆಟ್ಟಿಲಿನಿಂದ ಬನಶಂಕರೆವ್ವ ಇಳಿದು ಬಂದಳು. ಮೈ ಇಳಿದಿತ್ತು, ತಲೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದಿದ್ದಳು. ಜೊತೆಗೆ ಯಾರೂ ಇರಲಿಲ್ಲ. ರಸ್ತೆಯ ಎರಡೂ ಕಡೆ ನೋಡಿ, ಒಂದು ಟಂಟಂ ಆಟೊ ಹೋಗಲು ಬಿಟ್ಟು, ನಿಧಾನವಾಗಿ ದಾಟಿ ಅಂಗಡಿಯ ಮುಂದೆ ಬಂದು ನಿಂತಳು. ಕೈಯಲ್ಲಿ ಮಡಿಸಿದ ಹಾಳೆ.

ತಬಸುಮ ತಟ್ಟನೆ ಎದ್ದು ಮಷಿನ್ನಿನ ಸ್ವಿಚ್ ಹಾಕಿದಳು. “ಬಾ ಯಕ್ಕಾ, ಬಾ. ಎಷ್ಟು ಪ್ರತಿ ತೆಗೀಲಿ?”

“ಏನೂ ತೆಗೀಬ್ಯಾಡ ತಂಗಿ,” ಎಂದಳು ಬನಶಂಕರೆವ್ವ. “ಫೋನ್ ನಂಬರ್ ಕೇಳಿದ್ರು, ಇಲ್ಲ ಅಂದೆ. ಆ್ಯಪ್ ಅಂದ್ರು, ಒಲ್ಲೆ ಅಂದೆ. ಚೀಟಿ ತೋರ್ಸಿ ನಾನಽ ಇಸ್ಕೊಂಡ್ ಬಂದೆ. ನಿನಗ ತೋರ್ಸಿ ಹೋಗೂಣು ಅಂತ ಬಂದೇನಿ.”